‘ನೀವು’ ‘ನೀನು’ ಆದದ್ದು ಯಾವ ಕಂತಿನಲ್ಲಿ?

ಮಾರ್ಟಿನ್ ತನ್ನ ಮೇಲಧಿಕಾರಿ ಜಾನ್‌ನನ್ನು ‘ನೀವು’ ಎನ್ನುತ್ತಾನೋ ‘ನೀನು’ ಎನ್ನುತ್ತಾನೋ? ಇದನ್ನು ತೀರ್ಮಾನಿಸುವುದರಲ್ಲಿ ನನಗೆ ಮೂರು ತಿಂಗಳು ಕಳೆದವು. ಮೆಚ್ಚಿದ ನಾಟಕದ ಪಾತ್ರಗಳನ್ನಿಟ್ಟುಕೊಂಡು ಕನ್ನಡದಲ್ಲಿ ಕಥೆ ಬರೆಯುವ ಅಭಿಮಾನಿ ನಾನು. ಇಂಗ್ಲಿಷಿನಲ್ಲಿ ಬರೆಯುವ ಅಭಿಮಾನಿಗೆ ಈ ತಾಪತ್ರಯವಿಲ್ಲ. ಅಲ್ಲಿ ದೇವರಿಗೂ ನಾಯಿಮರಿಗೂ ಒಂದೇ ಸರ್ವನಾಮ.

ಮಾರ್ಟಿನ್, ಜಾನ್ ಇಬ್ಬರೂ ‘ದಿ ಮ್ಯಾಗ್ನಸ್ ಆರ್ಕೈವ್ಸ್’ ಎಂಬ ಬ್ರಿಟಿಷ್ ಧ್ವನಿನಾಟಕದವರು. 2016ರಿಂದ 2021ರವರೆಗೆ ಪಾಡ್‌ಕಾಸ್ಟ್ ಆಗಿ ಬಂದ ಅದರಲ್ಲಿ 200 ಕಂತುಗಳಿವೆ. ಲಂಡನ್ನಿನ ಒಂದು ಸಂಸ್ಥೆಯ ದಾಖಲೆ ವಿಭಾಗಕ್ಕೆ ಹೊಸದಾಗಿ ಮುಖ್ಯಸ್ಥನಾದ ಜಾನ್, ಜನ ಬರೆದುಕೊಟ್ಟ ಭಯಾನಕ ಅನುಭವಗಳನ್ನು ಟೇಪ್ ರೆಕಾರ್ಡರಿನ ಮುಂದೆ ಕುಳಿತು ಓದುತ್ತಾನೆ. ನಮಗೆ ಕೇಳುವುದು ಆ ರೆಕಾರ್ಡರಿಗೆ ಸಿಕ್ಕಷ್ಟು ಮಾತ್ರ. ಕ್ಲಿಕ್ ಎಂದು ಅದು ನಿಂತ ಮೇಲೆ ಏನು ನಡೆಯಿತೆಂದು ನಾಟಕ ಹೇಳುವುದಿಲ್ಲ. ನಾನು ಕಥೆ ಬರೆಯುವುದು ಆ ಕ್ಲಿಕ್ಕಿನ ಆಚೆಗಿನದನ್ನು.

ಇದಕ್ಕೂ ಮೊದಲು ಒಂದು ಪೆಟ್ಟು ತಿಂದಿದ್ದೆ. 2012ರಲ್ಲಿ ಶುರುವಾದ ‘ವೆಲ್‌ಕಮ್ ಟು ನೈಟ್ ವೇಲ್’ನಲ್ಲಿ ಸೆಸಿಲ್ ಎಂಬ ರೇಡಿಯೊ ನಿರೂಪಕನಿದ್ದಾನೆ. ವಿಜ್ಞಾನಿ ಕಾರ್ಲೋಸ್‌ನ ಕೂದಲಿಗೆ ಕತ್ತರಿ ಹಾಕಿದ ಕ್ಷೌರಿಕನ ಮೇಲೆ ನೇರಪ್ರಸಾರದಲ್ಲಿಯೇ ಕೆಂಡ ಕಾರುವ ಆಸಾಮಿ. ಅವನ ಚಿತ್ರ ಬರೆದೆ: ಹಣೆಯಲ್ಲಿ ಮೂರನೆಯ ಕಣ್ಣು, ತೋಳಿನ ತುಂಬ ಹಚ್ಚೆ. ‘ಹಣೆಗಣ್ಣು ಯಾವ ಕಂತಿನಲ್ಲಿದೆ?’ ಎಂದು ಗೆಳತಿಯೊಬ್ಬಳು ಕೇಳಿದಳು. ಹುಡುಕಿದೆ, ಸಿಗಲಿಲ್ಲ. ಬೇರೆ ಅಭಿಮಾನಿಗಳ ಚಿತ್ರಗಳನ್ನು ನೋಡಿ ನೋಡಿ, ಅದು ನಾಟಕದಲ್ಲೇ ಇದೆಯೆಂದು ನಂಬಿಬಿಟ್ಟಿದ್ದೆ. ಹಣೆಗಣ್ಣು ಬರೆದದ್ದು ತಪ್ಪಲ್ಲ, ಎಲ್ಲಿಂದ ಬಂತೆಂದು ತಿಳಿಯದೆ ಬರೆದದ್ದು ಸೋಮಾರಿತನ.

ಅಂದಿನಿಂದ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಪುಟದ ನಡುವೆ ಗೆರೆ. ಎಡಗಡೆ ಕಿವಿಗೆ ಬಿದ್ದದ್ದು, ಬಲಗಡೆ ನಾನು ಕಟ್ಟಿಕೊಂಡದ್ದು. ಜಾನ್‌ನ ಎಡಗಡೆ ಖಾಲಿ ಖಾಲಿ. ಹುಳುಗಳ ದಾಳಿಯಿಂದಾದ ಕಲೆಗಳು, ಮುಂದೊಮ್ಮೆ ಒಬ್ಬಾಕೆಯ ಕೈ ಕುಲುಕಿ ಸುಟ್ಟುಕೊಂಡ ಅಂಗೈ, ಹೀಗೆ ಕೆಲವೇ ಸಾಲುಗಳು. ಆ ಸುಟ್ಟ ಗಾಯವನ್ನು ನಾನು ಎಡಗೈಗೆ ಹಾಕಿದ್ದೆ. ‘ಎಡಗೈ ಚಾಚಿ ಯಾರು ಕೈ ಕುಲುಕುತ್ತಾರೆ?’ ಎಂದು ಅದೇ ಗೆಳತಿ ಕೇಳಿದಳು. ಸರಿಪಡಿಸಿದೆ. ವಯಸ್ಸಿನಲ್ಲಂತೂ ಪೂರ್ತಿ ಮೋಸಹೋಗಿದ್ದೆ. ಆ ಬಿಗಿದ ದನಿ ಕೇಳಿ ಐವತ್ತರ ಮಾಸ್ತರನನ್ನು ಕಲ್ಪಿಸಿಕೊಂಡಿದ್ದೆ. 81ನೆಯ ಕಂತಿನಲ್ಲಿ ತನ್ನ ಬಾಲ್ಯದ ಕಥೆ ಹೇಳಿಕೊಂಡಾಗ ಲೆಕ್ಕ ಹಾಕಿದರೆ ಆಳು ಮೂವತ್ತರ ಆಸುಪಾಸಿನವನು! ದೊಡ್ಡವನಂತೆ ಕಾಣಿಸಿಕೊಳ್ಳಲು ಹೆಣಗುವ ಹುಡುಗ ಎಂದು ಬಲಗಡೆ ಬರೆದುಕೊಂಡೆ. ನನ್ನ ಕಥೆಗಳೆಲ್ಲ ಆ ಒಂದು ಸಾಲಿನಿಂದಲೇ ಹುಟ್ಟಿದವು.

ಈಗ ಸರ್ವನಾಮದ ವಿಷಯ. ಮಾರ್ಟಿನ್‌ದು ಸುಲಭವೆನಿಸಿತ್ತು. ಕೆಳಗಿನ ನೌಕರ, ಹಿಂಜರಿಕೆಯವನು, ಎಲ್ಲದಕ್ಕೂ ಚಹಾ ಮಾಡಿಕೊಡಲೇ ಎಂದು ಕೇಳುವವನು. ‘ನೀವು’ ಅನ್ನದೆ ಇನ್ನೇನು? ‘ಸರ್’ ಸೇರಿಸುವ ಚಪಲವೂ ಆಯಿತು. ಆದರೆ ಮೂಲದಲ್ಲಿ ಅವನು ಜಾನ್ ಎಂದೇ ಕರೆಯುತ್ತಾನೆ. ‘ಸರ್’ ಬಂದರೆ ಅವರ ನಡುವೆ ಇಲ್ಲದ ಗೋಡೆಯೊಂದು ಏಳುತ್ತದೆ. ತೆಗೆದೆ.

ಕಷ್ಟವಾದದ್ದು ಜಾನ್. ಮೊದಮೊದಲು ಅವನಿಗೆ ಮಾರ್ಟಿನ್ ಎಂದರೆ ತಾತ್ಸಾರ. ಹಾಗಾದರೆ ‘ನೀನು’ ಎನ್ನಲಿ ಎಂದಳು ಗೆಳತಿ. ಹಾಗೆಯೇ ಬರೆದು, ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿ, ಕಣ್ಣು ಮುಚ್ಚಿ ಕೇಳಿದೆ. ನಾನು ಬರೆದ ಪ್ರತಿ ಸಂಭಾಷಣೆಗೂ ಈ ಪರೀಕ್ಷೆ ಇದೆ. ಕಿವಿಯಿಂದ ಬಂದ ಪಾತ್ರ ಕಿವಿಯಲ್ಲೇ ಪಾಸಾಗಬೇಕು. ‘ನೀನು ಆ ಕಡತ ಎಲ್ಲಿಟ್ಟೆ?’ ಎಂದಾಗ ಜಾನ್ ಮನೆಯ ಹಿರಿಯಣ್ಣನಂತೆ ಕೇಳಿಸಿದ. ಬೈಗುಳದಲ್ಲೂ ಒಂದು ಸಲಿಗೆ ನುಸುಳಿತ್ತು. ‘ನೀವು ಆ ಕಡತ ಎಲ್ಲಿಟ್ಟಿರಿ?’ ಎಂದು ಬದಲಿಸಿದೆ. ತಣ್ಣಗೆ ಕೊರೆಯಿತು. ಬಹುವಚನದಲ್ಲಿ ಬೈಸಿಕೊಂಡವರಿಗೆ ಗೊತ್ತು, ಏಕವಚನದ ಬೈಗುಳ ಎಷ್ಟೋ ವಾಸಿ.

ಆದರೆ ಮಾರ್ಟಿನ್ ಎದುರಿಗಿಲ್ಲದಾಗ? ಮೊದಲ ಕಂತಿನಲ್ಲಿಯೇ ಜಾನ್ ರೆಕಾರ್ಡರಿನ ಮುಂದೆ ಅವನ ಬಗ್ಗೆ ಕೊಂಕು ನುಡಿಯುತ್ತಾನೆ. ಅಲ್ಲಿ ‘ಅವನು’ ಎಂದು ಹಾಕಿದೆ. ಮುಖದೆದುರು ‘ನೀವು’, ಬೆನ್ನ ಹಿಂದೆ ‘ಅವನು’. ಜಾನ್ ಎಂಥವನೆಂದು ಹೇಳಲು ಒಂದು ಪುಟ ವರ್ಣನೆ ಬರೆದಿದ್ದೆ, ಅದಷ್ಟನ್ನೂ ಹೊಡೆದುಹಾಕಿದೆ.

ಇಲ್ಲಿಂದ ಮುಂದೆ ಕಥೆ ಗೊತ್ತಾಗಬಾರದು ಎನ್ನುವವರು ಓದು ನಿಲ್ಲಿಸಬಹುದು. 22ನೆಯ ಕಂತಿನಲ್ಲಿ, ಹುಳುಗಳ ಕಾಟದಿಂದ ಮನೆಯೊಳಗೇ ಸೆರೆಯಾಗಿದ್ದ ಮಾರ್ಟಿನ್ ಬಂದು ತನ್ನ ಹೇಳಿಕೆ ಕೊಡುತ್ತಾನೆ. ಜಾನ್ ನಂಬುತ್ತಾನೆ, ದಾಖಲೆ ವಿಭಾಗದಲ್ಲೇ ಉಳಿದುಕೊಳ್ಳಲು ಜಾಗ ಕೊಡುತ್ತಾನೆ. ಅಲ್ಲೇ ‘ನೀನು’ ಬರಬೇಕೆಂದು ನಮ್ಮಲ್ಲಿ ಅರ್ಧ ಜನ. ನಾನು ಒಪ್ಪಲಿಲ್ಲ. ಜಾನ್‌ಗೆ ಕರುಣೆ ಬಂದಾಗ ಮುಜುಗರವೂ ಬರುತ್ತದೆ, ಮುಜುಗರವಾದಾಗ ಮಾತು ಇನ್ನೂ ಔಪಚಾರಿಕವಾಗುತ್ತದೆ. ‘ನೀವು ಇಲ್ಲೇ ಇರಬಹುದು.’ ಅಷ್ಟೇ. 159ನೆಯ ಕಂತಿನವರೆಗೂ ಅದನ್ನು ಹಿಡಿದಿಟ್ಟೆ. ಅಲ್ಲಿ, ಒಂಟಿತನವೇ ಮೈದಾಳಿದ ಮಂಜಿನ ಲೋಕದಲ್ಲಿ ಕರಗಿಹೋಗುತ್ತಿರುವ ಮಾರ್ಟಿನ್‌ನನ್ನು ಜಾನ್ ಹುಡುಕಿ ಕರೆತರುತ್ತಾನೆ.

ಆಮೇಲಿನ ದಾರಿಯನ್ನು ನಾನು ಬರೆದೆ. ರೆಕಾರ್ಡರ್ ಇಲ್ಲ. ಮಾರ್ಟಿನ್ ನಡುಗುತ್ತಾ ‘ನೀನು ಬಂದೆ’ ಎಂದು, ತಕ್ಷಣ ನಾಲಿಗೆ ಕಚ್ಚಿಕೊಂಡು ‘ಬಂದಿರಿ’ ಎಂದು ತಿದ್ದಿಕೊಳ್ಳುತ್ತಾನೆ. ಜಾನ್ ಅದಕ್ಕೇನೂ ಅನ್ನುವುದಿಲ್ಲ. ಸ್ವಲ್ಪ ದೂರ ನಡೆದ ಮೇಲೆ, ‘ಕೈ ತಣ್ಣಗಿದೆ ನಿನ್ನದು’ ಎನ್ನುತ್ತಾನೆ. ಅಲ್ಲಿಗೆ ನಿಲ್ಲಿಸಿದೆ. ಮೊದಲು ಇನ್ನೂ ಮೂರು ಸಾಲುಗಳಿದ್ದವು, ಭಾವುಕವಾದವು. ಓದಿ ರೆಕಾರ್ಡ್ ಮಾಡಿದಾಗ ನನಗೇ ನಗು ಬಂತು.

ಹಂಚಿಕೊಳ್ಳುವುದಕ್ಕೆ ತೊಡಕಿಲ್ಲ. ಈ ನಾಟಕ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂದಿರುವುದರಿಂದ ಮೂಲದ ಹೆಸರು ಹೇಳಿ, ದುಡ್ಡು ಮಾಡದೆ, ಅದೇ ಪರವಾನಗಿಯಲ್ಲಿ ಮುಂದಕ್ಕೆ ಕೊಟ್ಟರೆ ಸಾಕು.

ಗೆಳತಿ ಓದಿದಳು. ಹಣೆಗಣ್ಣಿನವಳೇ. ‘ಚೆನ್ನಾಗಿದೆ, ಆದರೆ ಐದನೆಯ ಸರಣಿಯಲ್ಲಿ ಇವರಿಬ್ಬರೂ ಜಗಳವಾಡುತ್ತಾರಲ್ಲ, ಅಲ್ಲಿ ಏನು ಮಾಡುತ್ತೀಯ? ಜೊತೆಗೆ ಬದುಕುವವರು ಮುನಿಸಿಕೊಂಡಾಗ ನೀವು ಎಂದರೆ ಎಷ್ಟು ಉರಿಯುತ್ತದೆ ಗೊತ್ತೇ?’ ಎಂದಳು. ಅದನ್ನು ನಾನು ಯೋಚಿಸಿರಲೇ ಇಲ್ಲ. ನೋಟುಪುಸ್ತಕ ತೆರೆದು ಬಲಗಡೆ ಬರೆದುಕೊಂಡೆ, ಪಕ್ಕದಲ್ಲಿ ಅವಳ ಹೆಸರು ಹಾಕಿ.