ಬಯಲುಸೀಮೆಯಲ್ಲಿ ಮರದ ಹಡಗು ಕಟ್ಟುವವರಿಗೆ: ಪಟ್ಟಿ ಹೊದಿಸುವ ಕೆಲಸ

ಮರದ ಮಾದರಿ ಹಡಗು ಕೆಡುವುದು ಹಗ್ಗ ಕಟ್ಟುವಾಗ ಅಲ್ಲ, ಮೈಗೆ ಮರದ ತೆಳು ಪಟ್ಟಿ ಹೊದಿಸುವಾಗ. ಹಗ್ಗ ತಪ್ಪಾದರೆ ಬಿಚ್ಚಿ ಮತ್ತೆ ಕಟ್ಟಬಹುದು. ಮೂತಿಯಲ್ಲಿ, ಎಂದರೆ ಹಡಗಿನ ಮುಂತುದಿಯಲ್ಲಿ, ಎದ್ದು ನಿಂತ ಪಟ್ಟಿಯನ್ನು ಬಣ್ಣ ಬಳಿದರೂ ಮುಚ್ಚಲಾಗದು. ಅದಕ್ಕೇ ಇಲ್ಲಿ ಹೆಚ್ಚಿನ ಮಾತು ಪಟ್ಟಿಯ ಬಗ್ಗೆ.

ಯಾವ ಹಡಗು? ನಮ್ಮವರಿಗೆ ಎಚ್‌ಎಂಎಸ್ ಟ್ರಿಂಕೋಮಲಿ ಒಳ್ಳೆಯ ಆಯ್ಕೆ. ಮುಂಬೈಯಲ್ಲಿ ವಾಡಿಯಾ ಮನೆತನದವರು ತೇಗದ ಮರದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಯುದ್ಧನೌಕೆ ಇದು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಇದು ಲೀಡಾ ವರ್ಗದ ಫ್ರಿಗೇಟ್. ಆ ವರ್ಗದ ಮೂಲ ನಕ್ಷೆಗಳು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿವೆ. ತೋಪಿನ ಅಟ್ಟದ ಉದ್ದ ಸುಮಾರು 150 ಅಡಿ, ಅಗಲ ಸುಮಾರು 40 ಅಡಿ. 1:96ರ ಅಳತೆಯಲ್ಲಿ ಒಂದು ಅಡಿಗೆ 3.175 ಮಿ.ಮೀ. ಲೆಕ್ಕ. ಅಂದರೆ ಹಡಗಿನ ಮೈ ಸುಮಾರು 47.5 ಸೆಂ.ಮೀ. ಉದ್ದ, 12.7 ಸೆಂ.ಮೀ. ಅಗಲ. ಮನೆಯ ಮೇಜಿನ ಮೇಲೆ ಹಿಡಿಯುತ್ತದೆ. ಮೊದಲ ಸಲ ಕಟ್ಟುವವರು ಮೈಯನ್ನಷ್ಟೇ ಮುಗಿಸಿ ಅಲ್ಲಿಗೇ ನಿಲ್ಲಿಸಿದರೂ ತಪ್ಪಿಲ್ಲ. ಕೂವೆಮರ (ಹಾಯಿ ಕಟ್ಟುವ ಕಂಬ), ಹಗ್ಗ ಯಾವುದೂ ಇಲ್ಲದ ಬರೀ ಮೈ ನೋಡಲು ಪೂರ್ಣವಾಗಿಯೇ ಇರುತ್ತದೆ.

ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸುವಾಗ ಕಾಗದದ ಮೇಲೆ ಅಡ್ಡಕ್ಕೊಂದು, ಉದ್ದಕ್ಕೊಂದು 100 ಮಿ.ಮೀ. ಗೆರೆ ಸೇರಿಸಿ. ಮುದ್ರಣವಾದ ಮೇಲೆ ಎರಡನ್ನೂ ಅಳೆಯಿರಿ. ಯಂತ್ರ ಒಂದು ದಿಕ್ಕಿಗೆ ಮಾತ್ರ ಹಿಗ್ಗಿಸಿದ್ದರೆ ಬೆನ್ನುಹಲಗೆಗೂ (ಹಡಗಿನ ಉದ್ದಕ್ಕೆ ನಡುವೆ ನಿಲ್ಲುವ ಹಲಗೆ) ಅಡ್ಡಹಲಗೆಗೂ (ಅದಕ್ಕೆ ಅಡ್ಡವಾಗಿ ಕೂತು ಮೈಯ ಆಕಾರ ಕೊಡುವ ಹಲಗೆ) ಹೊಂದಾಣಿಕೆ ತಪ್ಪುತ್ತದೆ. ಅದು ತಿಳಿಯುವ ಹೊತ್ತಿಗೆ ಪ್ಲೈವುಡ್ ಕತ್ತರಿಸಿ ಆಗಿರುತ್ತದೆ.

ಇನ್ನು ಮರ. ನಿಜವಾದ ಹಡಗು ತೇಗದ್ದು ಎಂದು ಮಾದರಿಗೂ ತೇಗ ತರಬೇಡಿ. ತೇಗದ ರಂಧ್ರಗಳು ದೊಡ್ಡವು. 96 ಪಾಲು ಚಿಕ್ಕದಾದ ಹಡಗಿನ ಮೈಮೇಲೆ ಅವು ಗುಂಡಿ ಬಿದ್ದಂತೆ ಕಾಣುತ್ತವೆ. ಹಲಸಿನ ಮರ ತುಮಕೂರು ಕಡೆ ಸುಲಭವಾಗಿ ಸಿಗುತ್ತದೆ, ಬಣ್ಣವೂ ಚೆಂದ. ಆದರೆ ಅದರ ಎಳೆಯೂ ಒರಟು. ಪೀಠಕ್ಕೆ ಬಳಸಿ, ಮೈಗೆ ಬೇಡ. ಮೈಗೆ ಹೇಳಿ ಮಾಡಿಸಿದ್ದು ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ. ನಯವಾದ, ಒಂದೇ ಸಮನಾದ ಎಳೆ. ಉಳಿಗೂ ಬ್ಲೇಡಿಗೂ ಸಿಗಿಯದೆ ಕತ್ತರಿಸಿಕೊಳ್ಳುತ್ತದೆ.

ಹಾಲೆ ಹಲಗೆಯನ್ನು 5 ಮಿ.ಮೀ. ದಪ್ಪಕ್ಕೆ ಉಜ್ಜಿಸಿ. ಅದರ ಅಂಚಿನಿಂದ ತೆಳು ಬ್ಲೇಡಿನ ಗರಗಸದಲ್ಲಿ 1.5 ಮಿ.ಮೀ. ಪಟ್ಟಿ ಸೀಳಿದರೆ 5 ಮಿ.ಮೀ. ಅಗಲದ ಪಟ್ಟಿ ಸಿಗುತ್ತದೆ. ಮೈಗೆ ಪಟ್ಟಿ ಎರಡು ಪದರ ಬರುತ್ತದೆ. ಮೊದಲ ಪದರಕ್ಕೆ 55 ಸೆಂ.ಮೀ. ಉದ್ದದ 50 ಪಟ್ಟಿ ಇಟ್ಟುಕೊಳ್ಳಿ. ಬ್ಲೇಡು ಪ್ರತಿ ಸೀಳಿಗೆ 1 ಮಿ.ಮೀ. ತಿನ್ನುತ್ತದೆ, ಹಾಗಾಗಿ 12.5 ಸೆಂ.ಮೀ. ಅಗಲದ ಹಲಗೆ ಬೇಕು. ಸಾ ಮಿಲ್‌ನ ದೊಡ್ಡ ಬ್ಲೇಡಿನಲ್ಲಿ ಈ ಕೆಲಸ ಮಾಡಿಸಿದರೆ ಪಟ್ಟಿಗಿಂತ ಪುಡಿಯೇ ಹೆಚ್ಚು. ಸೀಳುವಾಗ ಮೂಗು ಬಾಯಿಗೆ ಮಾಸ್ಕ್ ಇರಲಿ.

ಸೀಳಿದ ಪಟ್ಟಿಗಳನ್ನು ಕೆಲಸ ಮಾಡುವ ಕೋಣೆಯಲ್ಲೇ ಎರಡು ವಾರ ಬಿಡಿ. ಇದು ನಮ್ಮ ಬಯಲುಸೀಮೆಗೆ ಮುಖ್ಯ. ಮಳೆಗಾಲದಲ್ಲಿ ಅಂಟಿಸಿದ ಪಟ್ಟಿ ಮಾರ್ಚ್-ಏಪ್ರಿಲ್‌ನ ಒಣಗಾಳಿಗೆ ಅಗಲದಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಅಷ್ಟಾಗಿ ಕುಗ್ಗುವುದಿಲ್ಲ. ಒಂದೊಂದು ಪಟ್ಟಿ 0.1 ಮಿ.ಮೀ. ಕುಗ್ಗಿದರೂ 19 ಪಟ್ಟಿಗೆ ಹತ್ತಿರ ಹತ್ತಿರ 2 ಮಿ.ಮೀ. ಆಯಿತು. ಆ ಬಿರುಕು ಕಣ್ಣಿಗೆ ಬಿದ್ದೇ ಬೀಳುತ್ತದೆ.

ಅಸ್ಥಿಪಂಜರಕ್ಕೆ ಒಳ್ಳೆಯ ಪ್ಲೈವುಡ್ ಬೇಕು. ಬೆನ್ನುಹಲಗೆ 6 ಮಿ.ಮೀ., ಅಡ್ಡಹಲಗೆ 4 ಮಿ.ಮೀ. ಅಂಗಡಿಯಲ್ಲಿ ಹಾಳೆಯ ಅಂಚಿಗೆ ಕಣ್ಣಿಟ್ಟು ಉದ್ದಕ್ಕೆ ನೋಡಿ, ಬಾಗಿದ್ದರೆ ಬಿಡಿ. ಅಡ್ಡಹಲಗೆಗಳ ನಡುವೆ 35 ಮಿ.ಮೀ.ಗಿಂತ ಹೆಚ್ಚು ಅಂತರ ಕೊಟ್ಟರೆ ಮಧ್ಯೆ ಪಟ್ಟಿ ಒಳಗೆ ಕುಸಿಯುತ್ತದೆ. ಪಟ್ಟಿ ಬಂದು ಕೂರುವ ಕಡೆ ಬೆನ್ನುಹಲಗೆಯ ಎರಡೂ ಬದಿಗೆ ತೋಡು ಕೊರೆಯಿರಿ. ಇದನ್ನು ಅಡ್ಡಹಲಗೆ ಅಂಟಿಸುವ ಮೊದಲೇ ಮಾಡಬೇಕು, ಆಮೇಲೆ ಉಳಿ ಒಳಗೆ ಹೋಗುವುದಿಲ್ಲ. ಅಡ್ಡಹಲಗೆಗಳನ್ನು ಮೊದಲು ಗೋಂದಿಲ್ಲದೆ ಕೂರಿಸಿ, ಮೂಲೆಮಟ್ಟ ಹಿಡಿದು ನೋಡಿ, ಆಮೇಲೆ ಫೆವಿಕಾಲ್ ಹಚ್ಚಿ. ಮೂತಿಯ ಮೊದಲ ಎರಡು ಅಡ್ಡಹಲಗೆಗಳ ನಡುವೆ ಹಾಲವಾಣದಂಥ ಮೆದು ಮರದ ತುಂಡು ತುಂಬಿದರೆ ಪಟ್ಟಿಗೆ ಆಸರೆ ಸಿಗುತ್ತದೆ.

ಈಗ ಅಡ್ಡಹಲಗೆಗಳ ಅಂಚನ್ನು ಓರೆಯಾಗಿ ಉಜ್ಜಬೇಕು. ಉದ್ದನೆಯ ಒಂದು ಪಟ್ಟಿಯನ್ನು ಮೂತಿಯಿಂದ ಹಿಂಬದಿಯವರೆಗೆ ಬಾಗಿಸಿ ಹಿಡಿಯಿರಿ. ಅದು ಪ್ರತಿ ಅಡ್ಡಹಲಗೆಯ 4 ಮಿ.ಮೀ. ಅಂಚಿಗೂ ಪೂರ್ತಿ ತಾಗಬೇಕು. ಮೂಲೆಗೆ ಮಾತ್ರ ತಾಗಿದರೆ ಆ ಮೂಲೆಯನ್ನು ಉಜ್ಜಿ. ಬಾಗುವ ಪ್ಲಾಸ್ಟಿಕ್ ಪಟ್ಟಿಗೆ 120 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿಕೊಂಡು ಒಟ್ಟಿಗೆ ಮೂರು ಅಡ್ಡಹಲಗೆಗಳ ಮೇಲೆ ಎಳೆದರೆ ಒಂದೊಂದೇ ಕಡೆ ಹಳ್ಳ ಬೀಳುವುದಿಲ್ಲ. ಈ ಕೆಲಸಕ್ಕೆ ಎರಡು ಭಾನುವಾರ ಹೋದರೂ ಹೋಗಲಿ.

ಪಟ್ಟಿಯ ಲೆಕ್ಕ ಹೀಗೆ. ಕಾಗದದ ತೆಳು ಪಟ್ಟಿಯನ್ನು ನಡುವಿನ ಅಡ್ಡಹಲಗೆಗೆ ಸುತ್ತಿ, ಸೊಂಟಪಟ್ಟಿಯಿಂದ (ಹಡಗಿನ ಪಕ್ಕೆಯ ಉದ್ದಕ್ಕೂ ಹೋಗುವ ದಪ್ಪ ಪಟ್ಟಿ) ತಳದ ತೋಡಿನವರೆಗೆ ಅಳೆಯಿರಿ. 95 ಮಿ.ಮೀ. ಬಂತು ಎನ್ನೋಣ. 5 ಮಿ.ಮೀ. ಪಟ್ಟಿ 19 ಬೇಕು. ಮೂತಿಯ ಅಡ್ಡಹಲಗೆಯಲ್ಲಿ ಅದೇ ಅಳತೆ 57 ಮಿ.ಮೀ. ಬಂದರೆ, 19ರಿಂದ ಭಾಗಿಸಿ 3 ಮಿ.ಮೀ. ಹಾಗಾದರೆ ಪ್ರತಿ ಪಟ್ಟಿಯೂ ಮೂತಿಗೆ ಬರುವಷ್ಟರಲ್ಲಿ 5ರಿಂದ 3ಕ್ಕೆ ಕಿರಿದಾಗಬೇಕು. ಅರ್ಧಕ್ಕಿಂತ, ಎಂದರೆ 2.5 ಮಿ.ಮೀ.ಗಿಂತ ಕಿರಿದು ಮಾಡಬೇಡಿ. ಅಷ್ಟು ಚೂಪಾದ ತುದಿ ಸಿಗಿಯುತ್ತದೆ. ಅಂಥ ಕಡೆ ಎರಡು ಪಟ್ಟಿಯನ್ನು ಒಂದಾಗಿ ಕೂಡಿಸಿ. ಹಿಂಬದಿಯಲ್ಲಿ ಉಲ್ಟಾ. ಅಲ್ಲಿ 114 ಮಿ.ಮೀ. ಬಂದರೆ 19 ಪಟ್ಟಿಗೆ 95 ಮಾತ್ರ ತುಂಬುತ್ತದೆ, 19 ಮಿ.ಮೀ. ಉಳಿಯುತ್ತದೆ. ಅದಕ್ಕೆ ಚೂಪು ಆಪುಗಳನ್ನು ನಾಲ್ಕು ಕಡೆ ಹಂಚಿ ಕೂರಿಸಬೇಕು. ಎಲ್ಲವನ್ನೂ ಒಂದೇ ಕಡೆ ತುರುಕಿದರೆ ತೇಪೆ ಹಾಕಿದಂತೆ ಕಾಣುತ್ತದೆ.

ಪ್ರತಿ ಅಡ್ಡಹಲಗೆಯ ಮೇಲೂ ಈ ಗುರುತುಗಳನ್ನು ಪೆನ್ಸಿಲಿನಲ್ಲಿ ಹಾಕಿಕೊಂಡೇ ಗೋಂದಿನ ಡಬ್ಬ ತೆಗೆಯಿರಿ. ಗುರುತಿಲ್ಲದೆ 5 ಮಿ.ಮೀ. ಪಟ್ಟಿಯನ್ನು ಹಾಗೇ ಒತ್ತಿ ಅಂಟಿಸುತ್ತಾ ಹೋದರೆ ನಾಲ್ಕನೆಯದೋ ಐದನೆಯದೋ ಪಟ್ಟಿ ಮೂತಿಯ ಹತ್ತಿರ ಮೇಲಕ್ಕೆ ಹತ್ತಲು ನೋಡುತ್ತದೆ. ಬೆರಳಿನಿಂದ ಕೆಳಕ್ಕೆ ದೂಡಿದಾಗ ಒಂದು ಅಂಚು ಕೂರುತ್ತದೆ, ಇನ್ನೊಂದು ಅಂಚು ಹೆಂಚಿನ ಹಾಗೆ ಎದ್ದು ನಿಲ್ಲುತ್ತದೆ. ಪಟ್ಟಿ ದಪ್ಪದ ಕಡೆಗೆ ಬಾಗುತ್ತದೆ, ಅಗಲದ ಕಡೆಗೆ ಬಾಗುವುದಿಲ್ಲ. ಕ್ಲಿಪ್ ಬಿಗಿ ಮಾಡಿ ಇದನ್ನು ಗೆಲ್ಲಲಾಗದು. ಆ ಪಟ್ಟಿ ತೆಗೆದು, ಕಿರಿದು ಮಾಡಿ, ಮತ್ತೆ ಹಾಕುವುದೊಂದೇ ದಾರಿ.

ಬಾಗಿಸಲು ಪಟ್ಟಿಯ ಮೂತಿಯ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಇಸ್ತ್ರಿ ಪೆಟ್ಟಿಗೆಯ ಅಂಚಿಗೆ ಒತ್ತಿ ನಿಧಾನವಾಗಿ ಎಳೆಯಿರಿ. ಬಾಗಿದ ಪಟ್ಟಿಯನ್ನು ಹಡಗಿಗೇ ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ಬಿಡಿ. ಗೋಂದು ಬೆಳಿಗ್ಗೆಗೆ. ಒದ್ದೆ ಮರ ಹಿಗ್ಗಿರುತ್ತದೆ, ಆಗಲೇ ಅಂಟಿಸಿದರೆ ಒಣಗಿದ ಮೇಲೆ ಸಂದು ಬಿಡುತ್ತದೆ. ಎಡಕ್ಕೆ ಒಂದು, ಬಲಕ್ಕೆ ಒಂದು, ಹೀಗೆ ಸರದಿಯಲ್ಲಿ ಹಾಕಿ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಬೆನ್ನುಹಲಗೆ ಬಾಳೆಕಾಯಿಯ ಹಾಗೆ ತಿರುಚಿಕೊಳ್ಳುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ದಿನಕ್ಕೆ ಎರಡು ಜೋಡಿ ಸಾಕು.

ಮೊದಲ ಪದರದ ಸಂದುಗಳಿಗೆ ಮರದ ಪುಡಿ ಮತ್ತು ಫೆವಿಕಾಲ್ ಕಲಸಿ ತುಂಬಬಹುದು, ಉಜ್ಜಿ ಸಮ ಮಾಡಬಹುದು. ಎರಡನೆಯ ಪದರ 0.7 ಮಿ.ಮೀ. ತೆಳುವಿನದು, ಕಣ್ಣಿಗೆ ಕಾಣುವುದು ಅದೇ. ಅಲ್ಲಿ ಆ ಕಲಸು ಬೇಡ, ಪಾಲಿಶ್ ಬಿದ್ದೊಡನೆ ಕಲೆಯಾಗಿ ಕಾಣುತ್ತದೆ. ಪಟ್ಟಿಗಳನ್ನು 75 ಮಿ.ಮೀ. ತುಂಡು ಮಾಡಿದರೆ ಸುಮಾರು 24 ಅಡಿಯ ಹಲಗೆಯಷ್ಟಾಗುತ್ತದೆ. ಒಂದೇ ಅಡ್ಡಹಲಗೆಯ ಮೇಲೆ ಎರಡು ಕೂಡು ಬರುವುದಾದರೆ ನಡುವೆ ಮೂರು ಇಡೀ ಪಟ್ಟಿ ಇರಲಿ. ಒಂದು ಅಂಚಿಗೆ 2ಬಿ ಪೆನ್ಸಿಲ್ ಉಜ್ಜಿದರೆ ಡಾಂಬರು ತುಂಬಿದ ಸಂದಿನ ಗೆರೆ ಬರುತ್ತದೆ. ಮರದ ಮೊಳೆಗಳನ್ನು ತೋರಿಸುವ ಆಸೆ ಬಿಡಿ. ಒಂದೂವರೆ ಅಂಗುಲದ ಮೊಳೆ ಈ ಅಳತೆಯಲ್ಲಿ 0.4 ಮಿ.ಮೀ. ಅದಕ್ಕಿಂತ ದಪ್ಪ ಹಾಕಿದರೆ ಹಡಗಿಗೆ ಸಿಡುಬು ಬಂದಂತಿರುತ್ತದೆ.

ಮುಗಿತಾಯಕ್ಕೆ ಅರಗಿನ ಸ್ಪಿರಿಟ್ ಪಾಲಿಶ್ ಸಾಕು, ತೆಳುವಾಗಿ ಮೂರು ಕೈ.

ಕೂವೆಮರಕ್ಕೆ ಚೌಕ ಕಡ್ಡಿಯ ಪ್ರತಿ ಮುಖವನ್ನೂ 7:10:7 ಪಾಲಿಗೆ ಗೆರೆ ಎಳೆದು ಮೂಲೆ ತೆಗೆದರೆ ಸರಿಯಾದ ಎಂಟುಮುಖ ಬರುತ್ತದೆ. 8 ಮಿ.ಮೀ. ಕಡ್ಡಿಗೆ ಅದು ಸುಮಾರು 2.3, 3.3, 2.3 ಮಿ.ಮೀ. ಅಲ್ಲಿಂದ ಹದಿನಾರು, ಆಮೇಲೆ ದುಂಡು. ಹಗ್ಗಕ್ಕೆ ಶಿಡ್ಲಘಟ್ಟದ ಹುರಿ ರೇಷ್ಮೆ ಕೈಗೆಟುಕುವಷ್ಟು ಹತ್ತಿರದಲ್ಲಿದೆ, ಹತ್ತಿಯ ಹಾಗೆ ನವಿರು ಏಳುವುದಿಲ್ಲ. ಆದರೆ ತೇವ ಹೀರಿ ಸಡಿಲವಾಗುತ್ತದೆ, ಬಿಸಿಲು ಬಿದ್ದಲ್ಲಿ ಬಲ ಕಳೆದುಕೊಳ್ಳುತ್ತದೆ. ಕೂವೆಮರವನ್ನು ಎಳೆದು ನಿಲ್ಲಿಸುವ ಕಪ್ಪು ಹಗ್ಗಕ್ಕೆ ಪಾಲಿಯೆಸ್ಟರ್, ಹಾಯಿ ಏರಿಸಿ ಇಳಿಸುವ ಕಂದು ಹಗ್ಗಕ್ಕೆ ರೇಷ್ಮೆ ಇಟ್ಟುಕೊಳ್ಳಿ. ಹತ್ತುವ ಮೆಟ್ಟಿಲು ಹಗ್ಗಗಳ ನಡುವೆ 4 ಮಿ.ಮೀ. ಅಂತರ, ದನವನ್ನು ಗೂಟಕ್ಕೆ ಕಟ್ಟುವ ಎರಡು ಸುತ್ತಿನ ಗಂಟೇ ಅಲ್ಲಿಗೂ. ಬಿಗಿಯಾಗಿ ಎಳೆದರೆ ಎರಡು ಬದಿಯ ಹಗ್ಗ ಸೊಂಟ ಕಟ್ಟಿದಂತೆ ಒಳಕ್ಕೆ ಬರುತ್ತದೆ. ಹಿಂದೆ ಗೆರೆ ಹಾಕಿದ ಕಾಗದವಿಟ್ಟು ಕಟ್ಟಿ.

ಗಾಜಿನ ಪೆಟ್ಟಿಗೆ ಇಲ್ಲದಿದ್ದರೆ ನಮ್ಮ ಧೂಳು ಒಂದೇ ಬೇಸಿಗೆಯಲ್ಲಿ ಹಗ್ಗಕ್ಕೆ ಹಿಡಿಯುತ್ತದೆ. ಗಾಜು ಅಂಟಿಸಲು ಹುಳಿ ವಾಸನೆಯ ಸಿಲಿಕೋನ್ ಬಳಸಬೇಡಿ, ಅದರ ಆವಿ ಸೀಸದ ತೋಪುಗಳನ್ನು ಬಿಳಿ ಪುಡಿ ಮಾಡುತ್ತದೆ. ನ್ಯೂಟ್ರಲ್ ಸಿಲಿಕೋನ್ ಕೇಳಿ ತನ್ನಿ, ಪೀಠದ ಅಡಿಯಲ್ಲಿ ಗಾಳಿಯಾಡಲು ಎರಡು ತೂತು ಬಿಟ್ಟು ಬಲೆ ಹೊಡೆಯಿರಿ.