ಬಂಗುಡೆ ನೀರು, ಬೈರಾಸಿನ ತುಂಡು, ನಾಯಿಯ ಹಲ್ಲು

ನಮ್ಮ ನಾಯಿ ಕುಟ್ಟಿಯ ಎಡಗಣ್ಣಿನ ಕೆಳಗೆ ಊದಿಕೊಂಡದ್ದು ಒಂದು ಆಟಿ ತಿಂಗಳ ಮಳೆಯಲ್ಲಿ. ಕಣಜ ಕಚ್ಚಿರಬೇಕು ಎಂದು ಅರಸಿನ ಹಚ್ಚಿದೆ. ಎರಡು ದಿನದಲ್ಲಿ ಊತ ಇಳಿಯಿತು. ವಾರ ಬಿಟ್ಟು ಮತ್ತೆ ಬಂತು, ಈ ಸಲ ಒಡೆದು ಕೀವು ಸುರಿಯಿತು. ಡಾಕ್ಟರು ಕಣ್ಣಿನ ಹತ್ತಿರ ಜಾಸ್ತಿ ಹೊತ್ತು ನಿಲ್ಲಲಿಲ್ಲ. ತುಟಿ ಎತ್ತಿ ತೋರಿಸಿದರು. ಮೇಲ್ದವಡೆಯ ಹಿಂದಿನ ದೊಡ್ಡ ಹಲ್ಲು ಸೀಳಿತ್ತು. ಅದರ ಬೇರು ಕಣ್ಣಿನ ಕೆಳಗಿನ ತನಕ ಹೋಗುತ್ತದೆ. ಬೇರಿನಲ್ಲಿ ಕಟ್ಟಿದ ಕೀವು ಅಲ್ಲಿ ದಾರಿ ಮಾಡಿಕೊಂಡಿತ್ತು. ಸೀಳಿದ್ದು ಭಾನುವಾರದ ಆಡಿನ ಕಾಲಿನ ಮೂಳೆಯಿಂದ. ಕೊಟ್ಟವಳು ನಾನೇ.

ಆ ಹಲ್ಲು ಹೋಯಿತು. ಬೆಳೆದ ನಾಯಿಗೆ ಒಟ್ಟು 42 ಹಲ್ಲು, ಕುಟ್ಟಿಗೆ ಈಗ 41. ಆಮೇಲೆ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನಮ್ಮ ಮನೆ ಮಲ್ಪೆ ಪಕ್ಕದ ಕೊಡವೂರಿನಲ್ಲಿ. ಹಾಗಾಗಿ ಮೀನಿನ ಮಾತು ಸ್ವಲ್ಪ ಜಾಸ್ತಿ ಬರುತ್ತದೆ.

ಮೊದಲಿಗೆ ವಾಸನೆ. "ನಾಯಿಯ ಬಾಯಿ ನಾರದೆ ಮಲ್ಲಿಗೆ ಘಮ ಬರ್ತದಾ?" ಎಂದು ನಮ್ಮ ಮಾವ ಕೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಬೂತಾಯಿ ಮೀನು ತಿಂದ ಒಂದು ಗಂಟೆ ನಾರುವುದು ಬೇರೆ. ಬೆಳಗ್ಗೆ ಎದ್ದಾಗಲೂ ಕೊಳೆತ ವಾಸನೆ ಬಂದರೆ ಒಸಡು ಕೆಟ್ಟಿದೆ ಎಂದು ಅರ್ಥ. ಒಮ್ಮೊಮ್ಮೆ ಕಿಡ್ನಿಯ ತೊಂದರೆಯಿಂದಲೂ ಬಾಯಿ ನಾರುತ್ತದೆ.

ನಮ್ಮ ಮುರಕಲ್ಲಿನ ಕಟ್ಟೆ ನೋಡಿ. ಮಳೆ ಶುರುವಾದ ಹೊಸತರಲ್ಲಿ ಪಾಚಿಯನ್ನು ಹಿಡಿಸೂಡಿಯಿಂದ ಉಜ್ಜಿದರೆ ಹೋಗುತ್ತದೆ. ಹಲ್ಲಿನ ಮೇಲೂ ಅಂಥದ್ದೇ ಒಂದು ಲೋಳೆ ದಿನಾ ಕೂರುತ್ತದೆ. ಬಿಟ್ಟರೆ ಎರಡು ಮೂರು ದಿನದಲ್ಲೇ ಎಂಜಲಿನ ಸುಣ್ಣ ಸೇರಿ ಗಟ್ಟಿಯಾಗತೊಡಗುತ್ತದೆ. ಬಣ್ಣವೂ ಮುರಕಲ್ಲಿನದ್ದೇ. ಕಲ್ಲು ಕಟ್ಟಿದ ಮೇಲೆ ಬಟ್ಟೆಯೂ ಇಲ್ಲ, ಬ್ರಶ್ಶೂ ಇಲ್ಲ, ಡಾಕ್ಟರೇ ಕೆರೆಯಬೇಕು. ಅದಕ್ಕೇ ದಿನಾ ಉಜ್ಜುವುದು. ವಾರಕ್ಕೊಮ್ಮೆ ಉಜ್ಜಿದರೆ ಹೆಚ್ಚು ಪ್ರಯೋಜನ ಇಲ್ಲ.

ಇನ್ನು ಉಜ್ಜುವ ಕ್ರಮ. ಮೊದಲ ದಿನವೇ ಬ್ರಶ್ ಹಿಡಿದು ಹೋಗಬೇಡಿ. ನಾನು ಹೋಗಿ, ಕುಟ್ಟಿ ಮೂರು ದಿನ ಸೋಫಾದ ಅಡಿಯಿಂದ ಬರಲಿಲ್ಲ. ಬಂಗುಡೆಯ ಒಂದು ತುಂಡನ್ನು ಉಪ್ಪು, ಮೆಣಸು, ಹುಳಿ ಏನೂ ಹಾಕದೆ ಬೇಯಿಸಿ. ಆ ನೀರು ತಣಿದ ಮೇಲೆ ಬೆರಳು ಅದ್ದಿ ನೆಕ್ಕಿಸಿ. ನೆಕ್ಕುವಾಗ ಮೆಲ್ಲ ತುಟಿ ಎತ್ತಿ, ಬಿಡಿ. ಮೊದಲ ವಾರ ಇಷ್ಟೇ. ಎರಡನೇ ವಾರ ಹಳೆಯ ತೆಳು ಬೈರಾಸಿನ (ಮೈ ಒರೆಸುವ ಬಟ್ಟೆಯ) ತುಂಡನ್ನು ಬೆರಳಿಗೆ ಸುತ್ತಿ, ಅದೇ ನೀರಿನಲ್ಲಿ ಅದ್ದಿ, ಹಲ್ಲಿನ ಹೊರಮೈ ಒರೆಸಿ. ಹೊಸ ಟರ್ಕಿ ಟವೆಲ್ ಬೇಡ, ದಪ್ಪ ಆಗುತ್ತದೆ. ಅದು ಅಭ್ಯಾಸವಾದ ಮೇಲೆ ಮಕ್ಕಳ ಮೆತ್ತನೆಯ ಬ್ರಶ್. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಬಂಗುಡೆಗೆ ಚಿನ್ನದ ರೇಟು. ಆಗ ಕೋಳಿ ಬೇಯಿಸಿದ ನೀರು ಸಾಕು. ಒಣಮೀನು ಮಾತ್ರ ಬೇಡವೇ ಬೇಡ, ಅದರಲ್ಲಿ ಬರೀ ಉಪ್ಪು.

ಬಾಯಿ ಅಗಲಿಸುವ ಸರ್ಕಸ್ ಬೇಡ. ಬಾಯಿ ಮುಚ್ಚಿಯೇ ಇರಲಿ, ತುಟಿ ಮಾತ್ರ ಹಿಂದಕ್ಕೆ ಸರಿಸಿ. ಒಳಮೈಯನ್ನು ನಾಲಗೆ ಸುಮಾರಾಗಿ ನೋಡಿಕೊಳ್ಳುತ್ತದೆ. ಕಲ್ಲು ಜಾಸ್ತಿ ಕಟ್ಟುವುದು ಮೇಲಿನ ಹಿಂದಿನ ಹಲ್ಲುಗಳ ಹೊರಮೈಯಲ್ಲಿ, ಕೆನ್ನೆಯ ಕಡೆಗೆ. ಬ್ರಶ್ಶನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣ ಸುತ್ತು ತಿರುಗಿಸಿ. ಒಂದೊಂದು ಬದಿಗೆ ಅರ್ಧ ನಿಮಿಷ ಸಾಕು. ನಾವು ರಾತ್ರಿ ಗಂಜಿ ಊಟ ಮುಗಿದ ಮೇಲೆ ಮಾಡುತ್ತೇವೆ. ಒಸಡು ಮೊದಲೇ ಕೆಂಪಾಗಿ ನೋಯುತ್ತಿದ್ದರೆ ಉಜ್ಜಲು ಹೋಗಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ನೋವಿನಲ್ಲಿ ಉಜ್ಜಿಸಿಕೊಂಡ ನಾಯಿ ಮತ್ತೆ ಹತ್ತಿರ ಬರುವುದಿಲ್ಲ, ಅಲ್ವಾ?

ನಮ್ಮ ಪೇಸ್ಟ್ ಬೇಡ. ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಅದರ ಫ್ಲೋರೈಡ್, ನೊರೆ ಹೊಟ್ಟೆಗೆ ಒಳ್ಳೆಯದಲ್ಲ. ಕೆಲವು ಪೇಸ್ಟ್‌ಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿ ನಾಯಿಗೆ ವಿಷ, ರಕ್ತದ ಸಕ್ಕರೆ ದಡಕ್ಕನೆ ಇಳಿಸುತ್ತದೆ, ಲಿವರ್‌ಗೂ ಪೆಟ್ಟು. ನಾಯಿಗೆಂದೇ ಮಾಡಿದ ಪೇಸ್ಟ್ ಸಿಗುತ್ತದೆ, ಬೇಕಿದ್ದರೆ ತನ್ನಿ. ಮಾವ ಮಸಿ, ಉಪ್ಪು, ಮಾವಿನೆಲೆ ಎಲ್ಲ ಸೂಚಿಸಿದರು. ಅವರ ಹಲ್ಲು ಎಪ್ಪತ್ತೆಂಟರಲ್ಲೂ ಗಟ್ಟಿ ಇದೆ, ಒಪ್ಪುತ್ತೇನೆ. ಆದರೆ ಅವರು ಬಾಯಿ ಮುಕ್ಕಳಿಸುತ್ತಾರೆ.

ಕಚ್ಚಲು ಏನು ಕೊಡಬಹುದು? ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವೂ ತಗ್ಗು ಬೀಳದಿದ್ದರೆ ಅದು ಹಲ್ಲಿಗಿಂತ ಗಟ್ಟಿ ಎಂದು ಇಟ್ಟುಕೊಳ್ಳಿ. ಆಡಿನ ಮೂಳೆ ಅಲ್ಲೇ ಫೇಲ್. ತೆಂಗಿನ ಗೆರಟೆಯೂ ಫೇಲ್. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ಅದೂ ಬೇಡ. ಮೀನಿನ ಮುಳ್ಳನ್ನು ಬಿಡಿಸಿಯೇ ಕೊಡಿ. ಊಟ ಬಿಟ್ಟು ಕಾಲಿನಿಂದ ಬಾಯಿ ಕೆರೆಯುತ್ತಿದ್ದರೆ ಮೊದಲು ಅಂಗುಳ ನೋಡಿ, ಮುಳ್ಳು ಅಡ್ಡ ಸಿಕ್ಕಿರಬಹುದು.

ವಾರಕ್ಕೊಮ್ಮೆ ಬೆಳಕಿನಲ್ಲಿ ತುಟಿ ಎತ್ತಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಒಸಡು ತಿಳಿ ಗುಲಾಬಿ ಇರಬೇಕು. ಕೆಲವು ನಾಯಿಗಳಿಗೆ ಹುಟ್ಟಿನಿಂದಲೇ ಕಪ್ಪು, ಹೆದರಬೇಡಿ. ಹಲ್ಲಿನ ಬುಡದಲ್ಲಿ ತೆಳು ಕೆಂಪು ಗೆರೆ ಕಂಡರೆ ಅದು ಒಸಡಿನ ಕಾಯಿಲೆಯ ಶುರು. ಅಲ್ಲಿಯವರೆಗೆ ಪೂರ್ತಿ ವಾಸಿ ಮಾಡಬಹುದು. ಒಳಗಿನ ಮೂಳೆ ಕರಗಿದ ಮೇಲೆ ಹಿಂದೆ ಬರುವುದಿಲ್ಲ. ಪೊಮೆರೇನಿಯನ್‌ನಂಥ ಸಣ್ಣ ನಾಯಿಗಳ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿ ಇರುತ್ತವೆ, ಅವಕ್ಕೆ ಇದು ಬೇಗ ಬರುತ್ತದೆ. ಮರಿಯ ಹಾಲುಹಲ್ಲು 28. ಏಳು ತಿಂಗಳಾದರೂ ಹಳೆ ಕೋರೆಯ ಪಕ್ಕದಲ್ಲೇ ಹೊಸ ಕೋರೆ ನಿಂತಿದ್ದರೆ ತೋರಿಸಿ.

ಡಾಕ್ಟರು ಕಲ್ಲು ಕೆರೆಯುವಾಗ ಅರಿವಳಿಕೆ ಕೊಡುತ್ತಾರೆ. ಅದಕ್ಕೆ ಮೊದಲು ರಕ್ತ ಪರೀಕ್ಷೆ. ನಾನು ಹೆದರಿದ್ದೆ. ಎಚ್ಚರ ಇರುವಾಗಲೇ ಅಗ್ಗದಲ್ಲಿ ಮಾಡಿಕೊಡುತ್ತೇವೆ ಎಂದು ಒಬ್ಬರು ಹೇಳಿದ್ದರು ಕೂಡ. ಆದರೆ ಕಾಯಿಲೆ ಇರುವುದು ಒಸಡಿನ ಅಡಿಯಲ್ಲಿ. ಎಚ್ಚರದ ನಾಯಿ ಅಲ್ಲಿಗೆ ಸಲಕರಣೆ ಹಾಕಲು ಬಿಡುತ್ತದಾ? ಸುಮ್ನೆ ಮೇಲಿನ ಬಣ್ಣ ಹೋಗುತ್ತದೆ, ಅಷ್ಟೇ. ನೋವಿಗೆಂದು ನಮ್ಮ ಮಾತ್ರೆ ಕೊಡುವುದೂ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿನ ಜೀವವನ್ನೇ ತೆಗೆಯುತ್ತದೆ. ಐಬುಪ್ರೊಫೆನ್ ನಾಯಿಗೂ ಅಪಾಯ. ಲವಂಗದ ಎಣ್ಣೆಯನ್ನೂ ಬೆಕ್ಕಿನ ಹತ್ತಿರ ತರಬೇಡಿ.

ಬೆಕ್ಕಿಗೂ ಕ್ರಮ ಇದೇ, ಹಲ್ಲು ಮಾತ್ರ 30. ಮೀನಿಗೆ ಓಡಿ ಬಂದು, ಕಚ್ಚಿ, ಕೆಳಗೆ ಬೀಳಿಸಿದರೆ, ಇಲ್ಲವೇ ಜೊಲ್ಲು ಸುರಿಸಿದರೆ ಅದು ಕೊಬ್ಬಲ್ಲ, ಹಲ್ಲುನೋವು. ನಮ್ಮ ಬೆಕ್ಕು ಇನ್ನೂ ಮೊದಲ ವಾರದ ಪಾಠದಲ್ಲೇ ಇದೆ. ಬಂಗುಡೆ ನೀರು ನೆಕ್ಕುತ್ತದೆ, ಬೈರಾಸು ಕಂಡ ಕೂಡಲೇ ಅಟ್ಟ ಹತ್ತುತ್ತದೆ.