ತಳ್ಳುಗಾಡಿಗೂ ಒಂದು ಸಾಫ್ಟ್‌ವೇರ್: ನಾನು ಬರೆದದ್ದು ಹೀಗೆ

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಫ್ಯಾಬ್ರಿಕೇಶನ್ ಶೆಡ್‌ಗೆ ನಾನು ಬರೆದ ಪ್ರೋಗ್ರಾಂ ಬಗ್ಗೆ ಕೆಲವರು ಕೇಳಿದ್ದರು. ಅಲ್ಲಿ ಮಾಡುವುದು ತಳ್ಳುಗಾಡಿ, ಮೂರು ಗಾಲಿಯ ಲೋಡಿಂಗ್ ಸೈಕಲ್, ಕಸದ ಗಾಡಿ, ಗೋದಾಮಿನ ಟ್ರಾಲಿ. ಎಂಜಿನ್ ಇಲ್ಲ, ಗೇರ್ ಇಲ್ಲ. ಇಂಥದ್ದಕ್ಕೆ ಸಾಫ್ಟ್‌ವೇರ್ ಯಾಕೆ ಅಂತ ಕೇಳುವವರೇ ಜಾಸ್ತಿ.

ಯಾಕೆ ಅಂದರೆ, ಗಿರಾಕಿ ಯಾವತ್ತೂ ಹೊಸ ಗಾಡಿ ಕೇಳುವುದಿಲ್ಲ. "ಹೋದ ವರ್ಷದ್ದೇ ಇರ್ಲಿ, ಅರ್ಧ ಅಡಿ ಉದ್ದ ಮಾಡ್ರಿ" ಅನ್ನುತ್ತಾರೆ. ಅರ್ಧ ಅಡಿ ತಾನೇ, ಅಲ್ವಾ? ಆದರೆ ಆ ಅರ್ಧ ಅಡಿಗೆ ಉದ್ದದ ಪೈಪು ಬದಲಾಗುತ್ತದೆ, ನಡುವೆ ಎಷ್ಟು ಅಡ್ಡಪಟ್ಟಿ ಬೇಕು ಅನ್ನುವುದು ಬದಲಾಗುತ್ತದೆ, 8×4 ಅಡಿ ಶೀಟಿನಲ್ಲಿ ಎರಡು ತಳ ಬರುತ್ತಿದ್ದದ್ದು ಒಂದೇ ಬರುತ್ತದೆ, ತೂಕ ಬದಲಾಗಿ ಕೊನೆಗೆ ರೇಟೂ ಬದಲಾಗುತ್ತದೆ. ಇದನ್ನೆಲ್ಲ ಮಾಲೀಕರು ಒಂದು ಹಳೆ ಡೈರಿಯ ಹಿಂದಿನ ಪುಟದಲ್ಲಿ ಲೆಕ್ಕ ಹಾಕುತ್ತಿದ್ದರು. ಲೆಕ್ಕ ಸರಿಯೇ ಇರುತ್ತಿತ್ತು. ಆದರೆ ಆರು ತಿಂಗಳ ಮೇಲೆ ಅದೇ ಗಾಡಿ ಮತ್ತೆ ಬೇಕು ಅಂದರೆ ಆ ಪುಟ ಓದಲು ಅವರೇ ಬೇಕು. ಅದಕ್ಕೇ ಈ ಪ್ರೋಗ್ರಾಂ: ಅಂಕಿ ಹಾಕಿದರೆ ಗಾಡಿಯ ಮಾಡೆಲ್, ಬಲದ ಲೆಕ್ಕ, ಕಟಿಂಗ್ ಪಟ್ಟಿ ಎಲ್ಲ ಕೊಡುತ್ತದೆ.

ಮೊದಲು ಮಾಡೆಲ್ ಬಿಡಿಸಲು ಓಪನ್‌ಎಸ್‌ಕ್ಯಾಡ್ ಅನ್ನುವ ಸಾಫ್ಟ್‌ವೇರ್ ಹಿಡಿದೆ. ಅದರಲ್ಲಿ ಮೌಸ್ ಹಿಡಿದು ಎಳೆಯುವ ಕೆಲಸ ಇಲ್ಲ, ಆಕಾರವನ್ನು ಸಾಲು ಸಾಲಾಗಿ ಬರೆಯುವುದು. ಪ್ರೋಗ್ರಾಂ ಬರೆದು ಅಭ್ಯಾಸ ಇದ್ದವರಿಗೆ ಬಹಳ ಹಿಡಿಸುತ್ತದೆ. ಆದರೆ ಅದು ಕೊಡುವುದು ತ್ರಿಕೋನಗಳ ಜಾಲ. ದುಂಡು ಪೈಪು ಕೂಡ ಹಲವು ಮುಖದ ಕಂಬವಾಗಿ ಹೊರಬರುತ್ತದೆ. 3ಡಿ ಪ್ರಿಂಟಿಂಗ್‌ಗೆ ಅಷ್ಟು ಸಾಕು. ನಮ್ಮ ಕೆಲಸಕ್ಕೆ ಸಾಲದು, ಯಾಕೆಂದರೆ ಹೊರಗಿನ ಲೇಸರ್ ಕಟಿಂಗ್, ಬೆಂಡಿಂಗ್‌ನವರು ಕೇಳುವುದು ಡಿಎಕ್ಸ್‌ಎಫ್ (ಗೆರೆಗಳ ಡ್ರಾಯಿಂಗ್) ಅಥವಾ ಸ್ಟೆಪ್ ಫೈಲ್. ಸ್ಟೆಪ್ ಅಂದರೆ ಐಎಸ್‌ಒ 10303 ಮಾನದಂಡದ 3ಡಿ ಫೈಲ್, ಅದರಲ್ಲಿ ದುಂಡು ದುಂಡಾಗಿಯೇ ಇರುತ್ತದೆ. ಅದು ಓಪನ್‌ಎಸ್‌ಕ್ಯಾಡ್‌ನಿಂದ ಬರುವುದಿಲ್ಲ.

ಹಾಗಾಗಿ ಫ್ರೀಕ್ಯಾಡ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ಗೆ ಬಂದೆ. ಲೈಸೆನ್ಸ್ ಖರ್ಚಿಲ್ಲ, ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆಯಿಂದ ಪೂರ್ತಿ ನಡೆಸಬಹುದು, ಸ್ಟೆಪ್ ಬರುತ್ತದೆ. ಬಳಸಿದವರಿಗೆಲ್ಲ ಗೊತ್ತಿರುವ ತಲೆನೋವು ಒಂದಿದೆ. 'ಆರನೇ ಮುಖದ ಮೇಲೆ ತೂತು' ಅಂತ ಹೇಳಿಟ್ಟಿರುತ್ತೀರಿ, ಉದ್ದ ಬದಲಿಸಿದ ಕೂಡಲೇ ಆರನೇ ಮುಖ ಬೇರೆಲ್ಲೋ ಹೋಗಿ ಕೂತಿರುತ್ತದೆ, ತೂತೂ ಅದರ ಹಿಂದೆಯೇ ಹೋಗಿರುತ್ತದೆ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಇದು ಬಹಳಷ್ಟು ಸುಧಾರಿಸಿದೆ. ನಾನು ಮಾತ್ರ ಯಾವ ಮುಖದ ಹೆಸರನ್ನೂ ನಂಬುವುದಿಲ್ಲ. ಪ್ರತಿ ತುಂಡಿನ ಜಾಗ, ಪ್ರತಿ ತೂತಿನ ಜಾಗ ಎಲ್ಲ ಅಂಕಿಗಳಿಂದಲೇ ಬರಬೇಕು. ಅಂಕಿ ಬದಲಾದರೆ ಹಳೆಯ ಮಾಡೆಲ್ ತಿದ್ದುವ ಗೋಜಿಲ್ಲ, ಪೂರ್ತಿ ಅಳಿಸಿ ಮತ್ತೆ ಕಟ್ಟುತ್ತದೆ. ತಳ್ಳುಗಾಡಿ ಅಲ್ವಾ, ಕೆಲವೇ ಸೆಕೆಂಡಿನ ಕೆಲಸ.

ಚಿತ್ರ ಬಿಡಿಸುವ ಭಾಗ ಇಷ್ಟೇ. ನಿಜವಾಗಿ ಸಮಯ ಹಿಡಿದದ್ದು ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಅನ್ನುವುದು.

ನನ್ನ ಮೊದಲ ಫಾರ್ಮ್‌ನಲ್ಲಿ ಮೇಲೆ ಉದ್ದ, ಅಗಲ, ಎತ್ತರ ಇದ್ದವು. ಶೆಡ್‌ನಲ್ಲಿ ಹಿರಿಯ ವೆಲ್ಡರ್ ಒಬ್ಬರಿದ್ದಾರೆ, ಎಲ್ಲರೂ ಕಾಕಾ ಅನ್ನುತ್ತಾರೆ. ಫೋನಿನಲ್ಲಿ ಅದನ್ನು ನೋಡಿ, "ಗಾಲಿ ಯಾವ್ದು ಅಂತ ಮೊದ್ಲ ಕೇಳ್ರಿ ಸರ. ಗಾಲಿ ಗೊತ್ತಿಲ್ದ ಎತ್ತರ ಹೆಂಗ ಹೇಳ್ತಾರ?" ಅಂದರು. ಅದು ಹಾಗೆಯೇ. ಗಾಲಿ ಅನ್ನುವುದು ಮಾರ್ಕೆಟ್‌ನಲ್ಲಿ ಸಿಗುವ ವಸ್ತು, ನಾವು ಮಾಡುವುದಲ್ಲ. ಅದು ಗೊತ್ತಾದರೆ ಆಕ್ಸಲ್ ಎತ್ತರ ಗೊತ್ತು, ಆಕ್ಸಲ್‌ನಿಂದ ತಳದ ಎತ್ತರ, ತಳದಿಂದ ಹಿಡಿಕೆಯ ಎತ್ತರ.

ಗಾಲಿಯನ್ನು ಇಂಚಿನಲ್ಲಿ ಮಾತ್ರ ಕೇಳಿದರೂ ಕೆಲಸ ಕೆಡುತ್ತದೆ. '26 ಇಂಚು' ಅಂದರೆ ಒಂದೇ ಅಳತೆ ಅಂದುಕೊಳ್ಳುತ್ತೇವೆ. ಎಂಟಿಬಿ (ಗುಡ್ಡಗಾಡಿನ) ಸೈಕಲ್ಲಿನ 26ಕ್ಕೆ ಟೈರು ರಿಮ್ಮಿನಲ್ಲಿ ಕೂರುವ ವ್ಯಾಸ 559 ಎಂಎಂ. ಟೈರಿನ ಮೇಲೆ 26×1⅜ ಅಂತ ಇದ್ದರೆ ಅದು 590. ಹಾಲಿನವರು ಓಡಿಸುತ್ತಿದ್ದ ಕರಿ ಸೈಕಲ್ಲಿನ 28×1½ಗೆ 635. ಐಎಸ್‌ಒ 5775 ಪ್ರಕಾರ ಟೈರಿನ ಪಕ್ಕದಲ್ಲಿ 40-635 ಅಂತ ಅಚ್ಚಾಗಿರುತ್ತದಲ್ಲ, ಪ್ರೋಗ್ರಾಂ ಅದನ್ನೇ ತೆಗೆದುಕೊಳ್ಳುತ್ತದೆ. 40 ಅಂದರೆ ಟೈರಿನ ದಪ್ಪ, 635ಕ್ಕೆ ಅದನ್ನು ಎರಡು ಸಲ ಕೂಡಿಸಿದರೆ ಹೊರವ್ಯಾಸ ಸುಮಾರು 715, ಅಂದರೆ ಆಕ್ಸಲ್ ನೆಲದಿಂದ 357 ಎಂಎಂ ಮೇಲೆ. ಲೋಡ್ ಬಿದ್ದಾಗ ಟೈರು ಸ್ವಲ್ಪ ತಗ್ಗುತ್ತದೆ, ಅದಕ್ಕೊಂದು ಕಳೆಯುವ ಅಂಕಿ ಇಟ್ಟಿದ್ದೇನೆ.

ಇದಾದ ಮೇಲೆ ಎಲ್ಲ ಅಂಕಿಗಳನ್ನೂ ಬೇರೆ ಬೇರೆ ಮಾಡಿದೆ. ಕೆಲವು ಗಿರಾಕಿ ಹೇಳುವವು: ಏನು ಹೊರಬೇಕು, ಎಷ್ಟು ಕಿಲೋ, ಯಾವ ಗಲ್ಲಿಯಲ್ಲಿ ಹೋಗಬೇಕು. ಕೆಲವು ಅಂಗಡಿ ಹೇಳುವವು: ಗಾಲಿ, ಪೈಪು, ಶೀಟು. ಉಳಿದದ್ದೆಲ್ಲ ಲೆಕ್ಕದಿಂದ ಬರುವವು, ಫಾರ್ಮ್‌ನಲ್ಲಿ ಅವು ಬೂದು ಬಣ್ಣದಲ್ಲಿರುತ್ತವೆ, ಯಾರೂ ಕೈಯಿಂದ ಬದಲಿಸುವಂತಿಲ್ಲ. ಮಾಲೀಕರಿಗೆ ಇದು ಮೊದಲು ಇಷ್ಟವಾಗಲಿಲ್ಲ. "ನಮ್ಮ ಗಾಡಿ, ನಮಗೇ ತಿದ್ದಾಕ ಬಿಡೂದಿಲ್ಲ ಅಂದ್ರ?" ಅಂದರು. ತಳದ ಎತ್ತರ ಬದಲಾಗಬೇಕು ಅಂದರೆ ಗಾಲಿ ಬದಲಿಸಿ, ಇಲ್ಲ ಆಕ್ಸಲ್ ಮೇಲಿನ ಬ್ರಾಕೆಟ್ ಬದಲಿಸಿ, ಸುಮ್ನೆ ಎತ್ತರ ಬದಲಿಸಿದರೆ ಗಾಡಿ ಗಾಳಿಯಲ್ಲಿ ನಿಲ್ಲುತ್ತದಾ ಅಂತ ಕೇಳಿದ ಮೇಲೆ ಒಪ್ಪಿದರು.

ಪೈಪಿಗೂ ಹಾಗೆಯೇ. ಎಷ್ಟು ಬೇಕೋ ಅಷ್ಟು ದಪ್ಪ ಹಾಕಲು ಪ್ರೋಗ್ರಾಂ ಬಿಡುವುದಿಲ್ಲ, ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗುವ ಸೈಜಿನ ಪಟ್ಟಿಯಿಂದ ಆರಿಸಬೇಕು. 'ಒಂದಿಂಚು ಪೈಪು' ಅಂತ ಹೇಳಿ ಬುಶ್ (ಪೈಪಿನ ಮೇಲೆ ಕೂರುವ ಬಳೆ) ಮಾಡಿಸಲು ಹೋಗುವವರಿಗೆ ಒಂದು ಮಾತು: ಐಎಸ್ 1239 ಅನ್ನುವ ಭಾರತೀಯ ಮಾನದಂಡದ ಪೈಪಿನಲ್ಲಿ ಒಂದಿಂಚು ಅಂದರೆ ಹೊರವ್ಯಾಸ ಸುಮಾರು 33.7 ಎಂಎಂ, 25.4 ಅಲ್ಲ.

ಈಗ ಬಲದ ಲೆಕ್ಕ. ಇಲ್ಲಿ ದೊಡ್ಡ ಸಾಫ್ಟ್‌ವೇರ್ ಬೇಡ, ಡಿಪ್ಲೊಮಾದಲ್ಲಿ ಕಲಿತ ಬೀಮ್ ಸೂತ್ರ ಸಾಕು. ಒಂದು ತಳ್ಳುಗಾಡಿಯ ಮೇಲೆ 250 ಕಿಲೋ ಸಮನಾಗಿ ಹರಡಿದೆ, ಎರಡು ಉದ್ದ ಪೈಪುಗಳು ಹೊರುತ್ತವೆ, ಆಸರೆಗಳ ನಡುವೆ 1200 ಎಂಎಂ ಅಂತ ಇಟ್ಟುಕೊಳ್ಳಿ. 40×40×2 ಚೌಕ ಪೈಪು (ಬದಿ 40 ಎಂಎಂ, ತಗಡಿನ ದಪ್ಪ 2) ಹಾಕಿದರೆ ಒತ್ತಡ ಸುಮಾರು 50 ಎಂಪಿಎ (ಮೆಗಾಪಾಸ್ಕಲ್, ಒತ್ತಡದ ಅಳತೆ) ಬರುತ್ತದೆ. ರಸ್ತೆಯ ಗುಂಡಿಗೆ ಅಂತ ಮೂರರಿಂದ ಗುಣಿಸುತ್ತೇನೆ, 150. ನಾವು ತರುವ ಪೈಪು ಬಾಗಲು ಶುರುವಾಗುವುದು 210ರ ಹತ್ತಿರ ಅಂತ ಹಿಡಿದಿದ್ದೇನೆ, ಅಂದರೆ ಪಾಸ್. ಅದೇ ಜಾಗಕ್ಕೆ 25×25×2 ಹಾಕಿದರೆ 140, ಮೂರರಿಂದ ಗುಣಿಸಿದರೆ 420. ಪ್ರೋಗ್ರಾಂ ಕೆಂಪು ತೋರಿಸಿತು.

ಕಾಕಾ ಒಪ್ಪಲಿಲ್ಲ. ಇಷ್ಟು ವರ್ಷ 25ರ ಪೈಪಿನಲ್ಲೇ ಮಾಡಿದ್ದಾರೆ, ಯಾವುದೂ ಮುರಿದು ಬಂದಿಲ್ಲ. "ನಡುವ ಒಂದು ಆಸರ ಕೊಡ್ತೀವಲ್ರೀ, ಅದನ್ನ ನಿಮ್ಮ ಲೆಕ್ಕ ನೋಡ್ತದೇನು?" ಅಂದರು. ಅವರು ಆಕ್ಸಲ್ ಮೇಲೆ ನಿಲ್ಲುವ ಒಂದು ಕಾಲನ್ನು ಸರಿಯಾಗಿ ನಡುವೆ ಕೊಡುತ್ತಾರೆ. ಆಗ 1200 ಇದ್ದದ್ದು 600 ಮತ್ತು 600 ಆಗುತ್ತದೆ. ಬಾಗಿಸುವ ಬಲ ದೂರದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 420 ಹೋಗಿ 105. ಪಾಸ್. ತೂಕದಲ್ಲಿ 40ರ ಪೈಪು ಮೀಟರಿಗೆ ಸುಮಾರು 2.4 ಕಿಲೋ, 25ರದ್ದು 1.44. ಗಾಡಿ ತಳ್ಳುವವರ ಬೆನ್ನಿಗೂ ಮಾಲೀಕರ ಜೇಬಿಗೂ ಅದು ಸಣ್ಣ ವ್ಯತ್ಯಾಸ ಅಲ್ಲ. ಹಾಗಾಗಿ ಈಗ ಪ್ರೋಗ್ರಾಂ ಬರೀ ಫೇಲ್ ಅನ್ನುವುದಿಲ್ಲ. ನಡುವೆ ಆಸರೆ ಕೊಟ್ಟರೆ ಪಾಸ್ ಆಗುತ್ತದಾ ನೋಡಿ, ಆ ಆಸರೆ ಆಕ್ಸಲ್ ಮೇಲೆ ಕೂರುತ್ತದಾ ಅಂತ ಕೇಳುತ್ತದೆ. ಆಸರೆ ಗಾಳಿಯಲ್ಲಿ ತೇಲುವ ಅಡ್ಡಪಟ್ಟಿ ಆಗಿದ್ದರೆ ಈ ಲೆಕ್ಕಕ್ಕೆ ಅರ್ಥ ಇಲ್ಲ.

ವೆಲ್ಡಿಂಗ್ ಇದರಲ್ಲಿ ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಇಂಥ ಗಾಡಿಗಳು ಬಿಡುವುದು ಹೆಚ್ಚಾಗಿ ವೆಲ್ಡ್ ಪಕ್ಕದಲ್ಲೇ. ಅದಕ್ಕೆ ಸೂತ್ರ ಬರೆಯುವ ಬದಲು, ಎರಡು ಆಸರೆಗಳ ನಟ್ಟನಡುವೆ ಪೈಪಿನ ಕೆಳಮುಖಕ್ಕೆ ಹುಕ್ಕು, ಕೊಂಡಿ ಏನನ್ನೂ ವೆಲ್ಡ್ ಮಾಡಬಾರದು ಅಂತ ಡ್ರಾಯಿಂಗ್‌ನಲ್ಲೇ ಬರೆಯಿಸುತ್ತೇನೆ.

ಮೂರು ಗಾಲಿಯ ಸೈಕಲ್‌ಗೆ ಇನ್ನೊಂದು ಲೆಕ್ಕ ಇದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ತಿರುವಿನಲ್ಲಿ ಮಗುಚುವುದು. ಮುಂದೆ ಒಂದು, ಹಿಂದೆ ಎರಡು ಗಾಲಿ ಇದ್ದಾಗ ಗಾಡಿ ನಿಂತಿರುವುದು ಒಂದು ತ್ರಿಕೋನದ ಮೇಲೆ, ಮುಂದಕ್ಕೆ ಹೋದಷ್ಟೂ ಅದು ಕಿರಿದು. ಹಿಂದಿನ ಗಾಲಿಗಳ ನಡುವೆ 800 ಎಂಎಂ, ಮುಂದಿನ ಗಾಲಿಯಿಂದ ಹಿಂದಿನ ಆಕ್ಸಲ್‌ಗೆ 1500, ಎಲ್ಲ ಭಾರದ ಕೇಂದ್ರ ಮುಂದಿನ ಗಾಲಿಯಿಂದ 1200 ಹಿಂದೆ ಇದೆ ಅನ್ನಿ. ಆ ಜಾಗದಲ್ಲಿ ತ್ರಿಕೋನದ ಅರ್ಧ ಅಗಲ 320. ಭಾರದ ಕೇಂದ್ರ ನೆಲದಿಂದ 700 ಎತ್ತರದಲ್ಲಿದ್ದರೆ, 4 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸುಮಾರು ಗಂಟೆಗೆ 15 ಕಿಮೀ ವೇಗಕ್ಕೆ ಒಳಗಿನ ಗಾಲಿ ಎದ್ದುಬಿಡುತ್ತದೆ. ಅದೇ 900 ಎತ್ತರ ಆದರೆ 13. ಇಳಿಜಾರಿನಲ್ಲಿ ಸೈಕಲ್ ಈ ವೇಗ ಮುಟ್ಟುವುದು ಏನೂ ಕಷ್ಟ ಅಲ್ಲ. ಡಬ್ಬ ಎತ್ತರ ಮಾಡಿ ಅಂತ ಕೇಳುವವರಿಗೆ ಮಾಲೀಕರು ಈಗ ವಾದ ಮಾಡುವುದಿಲ್ಲ, ಪ್ರಿಂಟ್‌ನಲ್ಲಿರುವ ಆ ಒಂದು ಸಾಲು ತೋರಿಸುತ್ತಾರೆ. ಹೆಚ್ಚಿನವರು ಎತ್ತರ ಬಿಟ್ಟು ಅಗಲ ಮಾಡಿಸುತ್ತಾರೆ. ಗಲ್ಲಿ ಕಿರಿದಾಗಿದ್ದರೆ ಅದೂ ಆಗುವುದಿಲ್ಲ, ಆಗ ಕಡಿಮೆ ಹೊರುವ ಗಾಡಿಯೇ ಗತಿ.

ಹಣ ಉಳಿಸಿದ್ದು ಮಾತ್ರ ಕಟಿಂಗ್ ಪಟ್ಟಿ. ಪೈಪು ಬರುವುದು 6 ಮೀಟರ್ ಉದ್ದದಲ್ಲಿ. ಉದ್ದನೆಯ ತುಂಡನ್ನು ಮೊದಲು ಕೂರಿಸು, ಈಗಾಗಲೇ ಕತ್ತರಿಸಲು ತೆಗೆದ ಪೈಪಿನಲ್ಲಿ ಹಿಡಿಸದಿದ್ದರೆ ಮಾತ್ರ ಹೊಸದು ತೆಗೆ. ಇಷ್ಟೇ ನಿಯಮ, ಪೈಥಾನ್‌ನಲ್ಲಿ ಅರ್ಧ ಪುಟವೂ ಆಗುವುದಿಲ್ಲ. ಮರೆಯಬಾರದ್ದು ಕಟಿಂಗ್ ಬ್ಲೇಡಿನ ದಪ್ಪ. 1200ರ ಐದು ತುಂಡು 6000ಕ್ಕೆ ಸರಿಯಾಗಿ ಕೂರುತ್ತದೆ ಅಂತ ಕಾಗದ ಹೇಳುತ್ತದೆ. ಬ್ಲೇಡು ಪ್ರತಿ ಸಲ 3 ಎಂಎಂ ತಿನ್ನುತ್ತದೆ, ನಾಲ್ಕು ಸಲಕ್ಕೆ 12, ಕೊನೆಯ ತುಂಡು 1188 ಆಗಿ ಪಕ್ಕಕ್ಕೆ ಬೀಳುತ್ತದೆ. ಇಂಥ ಕಡೆ ಪ್ರೋಗ್ರಾಂ ತಾನಾಗಿಯೇ '1195 ಮಾಡಿದರೆ ಒಂದು ಪೈಪಿಗೆ ಐದು ಬರುತ್ತದೆ' ಅಂತ ಸಲಹೆ ಕೊಡುತ್ತದೆ. ಗಾಡಿ ಅರ್ಧ ಸೆಂಟಿಮೀಟರ್ ಗಿಡ್ಡ ಆದರೆ ಯಾವ ಗಿರಾಕಿಗೂ ಗೊತ್ತಾಗುವುದಿಲ್ಲ.

ಆ ಪಟ್ಟಿ ಕನ್ನಡದಲ್ಲಿ ಇರಲೇಬೇಕಿತ್ತು, ಕತ್ತರಿಸುವ ಹುಡುಗರು ಓದುವುದು ಕನ್ನಡ. ಪಿಡಿಎಫ್ ಮಾಡುವ ಹಗುರ ಲೈಬ್ರರಿಗಳಲ್ಲಿ ಒತ್ತಕ್ಷರ ಒಡೆದು ಬೇರೆ ಬೇರೆಯಾಗಿ ಬೀಳುತ್ತವೆ, 'ಅಡ್ಡಪಟ್ಟಿ' ಗುರುತೇ ಸಿಗುವುದಿಲ್ಲ. ಸುಲಭದ ದಾರಿ: ಪಟ್ಟಿಯನ್ನು ಎಚ್‌ಟಿಎಂಎಲ್ ಪುಟವಾಗಿ ಮಾಡಿ, ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿ, ಬ್ರೌಸರಿನಿಂದಲೇ ಪ್ರಿಂಟ್ ಕೊಡುವುದು. ಅಕ್ಷರ ಸರಿಯಾಗಿ ಜೋಡಿಸುವ ಕೆಲಸ ಬ್ರೌಸರ್ ನೋಡಿಕೊಳ್ಳುತ್ತದೆ. ಡಿಎಕ್ಸ್‌ಎಫ್ ಫೈಲಿನೊಳಗೆ ಮಾತ್ರ ಕನ್ನಡ ಹಾಕುವುದಿಲ್ಲ, ಅಲ್ಲಿ ಬರೀ ತುಂಡಿನ ನಂಬರ್. ಅಳತೆ ಎಂಎಂನಲ್ಲಿ, ಪಕ್ಕದಲ್ಲಿ ಸಣ್ಣದಾಗಿ ಇಂಚು ಮತ್ತು ಸೂತ್. ಎಂಟು ಸೂತಿಗೆ ಒಂದು ಇಂಚು. ಕಾಕಾ ಇವತ್ತಿಗೂ ಸೂತ್ ಅಂಕಿಯನ್ನೇ ನೋಡುತ್ತಾರೆ.

ಪ್ರತಿ ಗಾಡಿಯ ವಿವರ ಒಂದು ಸಣ್ಣ ಟೆಕ್ಸ್ಟ್ ಫೈಲ್, ಗಿಟ್‌ನಲ್ಲಿ (ಫೈಲಿನ ಪ್ರತಿ ಬದಲಾವಣೆಯನ್ನೂ ನೆನಪಿಡುವ ಸಾಫ್ಟ್‌ವೇರ್) ಇಡುತ್ತೇನೆ. ಅದರ ನಂಬರನ್ನೇ ಚಾಸಿಗೆ ಪಂಚ್ ಹೊಡೆಯುತ್ತಾರೆ. ಮಾಡೆಲ್ ಫೈಲ್ ಇಟ್ಟುಕೊಳ್ಳುವುದಿಲ್ಲ, ಅದು ಯಾವಾಗ ಬೇಕಾದರೂ ಅಂಕಿಯಿಂದ ಹುಟ್ಟುತ್ತದೆ.

'ಒಂದು ಮೋಟಾರ್ ಕೂರಿಸಿಬಿಡಿ' ಅನ್ನುವವರೂ ಬರುತ್ತಾರೆ. ಅಲ್ಲಿ ಪ್ರೋಗ್ರಾಂ ನಿಲ್ಲುತ್ತದೆ, ಬೇಕೆಂದೇ ಹಾಗೆ ಮಾಡಿದ್ದೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬ್ಯಾಟರಿ ಗಾಡಿ ಮೋಟಾರು ವಾಹನದ ಲೆಕ್ಕದಿಂದ ಹೊರಗಿರಬೇಕಾದರೆ ಮೋಟಾರು 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಮೀಗಿಂತ ಕಡಿಮೆ, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ಒಳಗೆ ಇರಬೇಕು. ನಮ್ಮ ಲೋಡಿಂಗ್ ಸೈಕಲ್ ತೂಕದಲ್ಲೇ ಸಿಕ್ಕಿಬೀಳುತ್ತದೆ. ಈ ಮಿತಿಯ ಒಳಗಿದ್ದರೂ, ದಾಟಿದರೂ ಪುಣೆಯ ಎಆರ್‌ಎಐ ಥರದ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕು. ಅದು ಬೇರೆಯೇ ವ್ಯವಹಾರ.

ಕೊನೆಗೆ ಶೀಟ್ ಬಗ್ಗಿಸುವುದು. ಇದಕ್ಕೆ ಪ್ರೋಗ್ರಾಂ ಬರೆಯುವವರು, ಬಗ್ಗಿಸುವಾಗ ಶೀಟ್ ಎಷ್ಟು ಹಿಗ್ಗುತ್ತದೆ ಅನ್ನುವ ಲೆಕ್ಕಕ್ಕೆ ಕೆ-ಫ್ಯಾಕ್ಟರ್ ಅಂತ ಪುಸ್ತಕದ ಅಂಕಿ ಹಾಕಿ ಮುಂದೆ ಹೋಗುತ್ತಾರೆ, ಆಮೇಲೆ ಡಬ್ಬದ ಮೂಲೆ ಕೂಡುವುದಿಲ್ಲ. ಬೆಂಡಿಂಗ್‌ನವರ ಮಷಿನ್‌ನಲ್ಲೇ, ಅವರು ಬಳಸುವ ಡೈ (ಬಗ್ಗಿಸುವ ಅಚ್ಚು) ಹಾಕಿಸಿ, 2 ಎಂಎಂ ಶೀಟಿನ 100 ಎಂಎಂ ಪಟ್ಟಿಯೊಂದನ್ನು 90 ಡಿಗ್ರಿ ಬಗ್ಗಿಸಿ. ಎರಡೂ ಬದಿಯನ್ನು ಹೊರಗಿನಿಂದ ವರ್ನಿಯರ್‌ನಲ್ಲಿ ಅಳೆದು ಕೂಡಿಸಿ. 103.6 ಬಂತು ಅನ್ನಿ, ಆಗ ಶೀಟ್ ಕತ್ತರಿಸುವಾಗ ಹೊರ ಅಳತೆಗಳ ಮೊತ್ತದಿಂದ ಪ್ರತಿ ಮಡಿಕೆಗೆ 3.6 ಕಳೆಯಬೇಕು. ಶೀಟಿನ ಪ್ರತಿ ದಪ್ಪಕ್ಕೆ, ಪ್ರತಿ ಡೈಗೆ ಹೀಗೆ ಒಂದೊಂದು ಅಂಕಿ. ನನ್ನ ಪ್ರೋಗ್ರಾಂನಲ್ಲಿ ಕೆ-ಫ್ಯಾಕ್ಟರ್ ಇಲ್ಲವೇ ಇಲ್ಲ, ಈ ಪಟ್ಟಿ ಮಾತ್ರ ಇದೆ, ಬೆಂಡಿಂಗ್‌ನವರು ಬದಲಾದರೆ ಪಟ್ಟಿಯನ್ನೂ ಹೊಸದಾಗಿ ಮಾಡಿಕೊಳ್ಳುತ್ತೇವೆ.